ಬೀದಿಯ ಸೂಜಿಮದ್ದು

ನಮ್ಮ ಬೀದಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರು ಮೊದಲು ನೋಡುತ್ತಿದ್ದದ್ದು ಗಡಿಯಾರವನ್ನು. ನನ್ನ ಸೊಸೆ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ನಾಲ್ಕೂವರೆಗೆ ಮನೆಗೆ ಬರುತ್ತಿದ್ದಳು. ಐದಕ್ಕೆಲ್ಲ ನಮ್ಮ ಬಾಗಿಲ ಮುಂದಿನ ಬೆಂಚು ತುಂಬಿರುತ್ತಿತ್ತು. ಒಬ್ಬರ ಕೈಯಲ್ಲಿ ಔಷಧಿ ಅಂಗಡಿಯ ಪೊಟ್ಟಣ, ಇನ್ನೊಬ್ಬರು ಆಗಲೇ ಅಂಗಿಯ ತೋಳು ಮಡಚಿಕೊಂಡು ತಯಾರು.

ಶುರು ಮಾಡಿದ್ದು ನನ್ನ ಯಜಮಾನರು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬೀದಿಯವರು ಅವರಿಗೆ ಇಟ್ಟ ಹೆಸರು ‘ಸ್ಟೇರಿಂಗ್ ಯಜಮಾನರು’. ಮನೆಗೆ ನರ್ಸು ಸೊಸೆಯಾಗಿ ಬಂದ ಮೇಲೆ ಅವರ ಎದೆ ಇನ್ನೂ ಅಗಲವಾಯಿತು. ಯಾರೋ ಕೆಮ್ಮಿದರೆ ಸಾಕು, “ಆಸ್ಪತ್ರೇಲಿ ಹೋಗಿ ಸಾಲು ನಿಲ್ತೀರಾ? ನಮ್ಮ ಹುಡುಗಿ ಇದ್ದಾಳಲ್ಲ, ಸಂಜೆ ಬನ್ನಿ” ಅನ್ನುವರು. ಔಷಧಿ ಅಂಗಡಿಯವನೂ ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. “ಸ್ಟೇರಿಂಗ್ ಮನೆಗಾ? ತಗೊಳ್ಳಿ” ಎಂದು ಶೀಶೆ ಕೊಟ್ಟು ಕಳಿಸುತ್ತಿದ್ದ.

ಬಂದವರು ಒಳ್ಳೆಯವರೇ. ನಗುನಗುತ್ತಾ ಬರುವರು, ಹರಸಿ ಹೋಗುವರು. ಅವಳು ಇಡೀ ದಿನ ನಿಂತು ಬಂದ ಕಾಲಿನಲ್ಲಿ ಮತ್ತೆ ನಿಲ್ಲುವಳು. ಅವಳ ಮುಂದೆ ಇಟ್ಟ ಟೀ ಆರಿ ಕೆನೆ ಕಟ್ಟುವುದನ್ನು ನಾನು ದಿನವೂ ನೋಡುತ್ತಿದ್ದೆ. ನೋಡಿ ಸುಮ್ಮನಿರುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದರಲ್ಲಿ ಹೆಮ್ಮೆ ಇತ್ತು. ನೀರಿನ ನಲ್ಲಿಯ ಹತ್ತಿರ ಹೆಂಗಸರು ನನಗೆ ಮೊದಲು ಜಾಗ ಬಿಡುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು. “ಮಾವ, ಇನ್ನು ಮೇಲೆ ಯಾರನ್ನೂ ಕರೀಬೇಡಿ. ಡಾಕ್ಟರು ಬರೆದುಕೊಡದೆ ನಾನು ಮದ್ದು ಚುಚ್ಚೋ ಹಾಗಿಲ್ಲ. ಕಾನೂನಿಗೆ ತಪ್ಪು. ನನ್ನ ನೋಂದಣಿ ಹೋಗುತ್ತೆ.”

“ಕಾನೂನು ಆಸ್ಪತ್ರೇಲಿ. ಇದು ಮನೆ” ಅಂದರು ಯಜಮಾನರು.

“ಮನೇಲಿ ಮನುಷ್ಯನ ಮೈ ಬೇರೆ ಆಗುತ್ತಾ ಮಾವ? ಅಲ್ಲಿ ಒಂದು ಸೂಜಿ ಹಾಕೋ ಮುಂಚೆ ಯಾರಿಗೆ, ಏನು, ಎಷ್ಟು ಅಂತ ನೋಡ್ತೀವಿ. ಹಿಂದೆ ಒಗ್ಗಿತ್ತಾ ಅಂತ ಕೇಳ್ತೀವಿ. ಕೆಲವು ಮದ್ದಿಗೆ ಮೊದಲು ಚರ್ಮಕ್ಕೆ ಒಂದು ಹನಿ ಕೊಟ್ಟು ಅರ್ಧ ಗಂಟೆ ಕಾಯ್ತೀವಿ. ಒಗ್ಗದೆ ಹೋದ್ರೆ ಉಸಿರು ಉಳಿಸೋ ಇನ್ನೊಂದು ಮದ್ದು ಪಕ್ಕದಲ್ಲೇ ಇರುತ್ತೆ. ಇಲ್ಲಿ ನನ್ನ ಹತ್ರ ಏನಿದೆ? ಒಂದು ಟೇಬಲ್ ಫ್ಯಾನು.”

ಅವಳ ಗಂಡ, ಅಂದರೆ ನನ್ನ ಮಗ, ಮುದ್ರಣಾಲಯದಲ್ಲಿ ಅಕ್ಷರ ತಿದ್ದುವವನು. ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಇಷ್ಟು ದಿನ ಯಾರಿಗೇನಾಯ್ತು?” ಅಂದರು ಯಜಮಾನರು.

“ಆಗಲಿಲ್ಲ, ನಮ್ಮ ಪುಣ್ಯ. ಮಾವ, ನಿಮ್ಮ ಹತ್ರ ಲೈಸೆನ್ಸ್ ಇತ್ತು. ಹಾಗಂತ ಬೀದಿಯವರು ಕರೆದ ಕಡೆಗೆಲ್ಲ ಡಿಪೋ ಬಸ್ಸು ತಿರುಗಿಸಿಕೊಂಡು ಹೋಗ್ತಿದ್ರಾ?”

ಮಗ ನಗು ತಡೆಯಲಾಗದೆ ಕೆಮ್ಮಿದ. ಯಜಮಾನರು ಕೈ ತೊಳೆದುಕೊಂಡು ಎದ್ದರು. “ನೋಡಿದೆಯೇನೇ, ನಿನ್ನ ಸೊಸೆ ನನಗೇ ಪಾಠ ಹೇಳ್ತಾಳೆ” ಎಂದು ನನ್ನ ಕಡೆ ತಿರುಗಿದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮಾರನೇ ಸಂಜೆ ಎದುರು ಮನೆಯ ನಿವೃತ್ತ ಟೀಚರು ಶೀಶೆ ಹಿಡಿದು ಬಂದರು. ನನ್ನ ಮಗನಿಗೆ ಅಕ್ಷರ ಕಲಿಸಿದವರು. ಸೊಸೆ ಅವರನ್ನು ಕೂರಿಸಿ, ನಾಡಿ ನೋಡಿ, “ಇದನ್ನ ನಾನು ಹಾಕಲ್ಲ ಟೀಚರ್, ದಯವಿಟ್ಟು ಡಾಕ್ಟರಿಗೆ ತೋರಿಸಿ” ಅಂದಳು. ಬೆಂಚಿನ ಮೇಲೆ ನಾಲ್ಕು ಜನ ಇದ್ದರು. ಟೀಚರ ಮುಖ ಸಣ್ಣಗಾಯಿತು. ಹೋಗುವಾಗ ನನ್ನ ಕಡೆ ನೋಡಲೇ ಇಲ್ಲ.

ಅಂದಿನಿಂದ ನಾನು ಸೊಸೆಯ ಜೊತೆ ಮಾತು ಬಿಟ್ಟೆ.

ಬೈಯಲಿಲ್ಲ, ಜಗಳ ಆಡಲಿಲ್ಲ. ಅನ್ನ ಬಡಿಸಿ ತಟ್ಟೆ ಅವಳ ಕಡೆ ದೂಡುತ್ತಿದ್ದೆ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದೆ, ಇಲ್ಲವೇ ಮಗನ ಕೈಲಿ ಹೇಳಿಸುತ್ತಿದ್ದೆ. ಅವಳು “ಅತ್ತೆ, ಬಟ್ಟೆ ನಾನು ಒಗೀತೀನಿ ಬಿಡಿ” ಅಂದರೆ ನಲ್ಲಿ ಇನ್ನೂ ಜೋರಾಗಿ ತಿರುಗಿಸುತ್ತಿದ್ದೆ. ಐದನೇ ದಿನ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, “ಅತ್ತೆ, ಬೈದಾದ್ರೂ ಬೈಯಿರಿ” ಅಂದಳು. ನಾನು ಬೆನ್ನು ತಿರುಗಿಸಿದೆ. ಹೊಡೆಯುವವರ ಮನೆಯಿಂದ ಓಡಿ ಹೋಗಬಹುದು. ಊಟ ಹಾಕಿ ಮಾತು ಕೊಡದವರ ಮನೆಯಿಂದ ಯಾವ ನೆಪ ಹೇಳಿಕೊಂಡು ಹೋಗುವುದು? ಬಾಗಿಲು ತೆರೆದೇ ಇತ್ತು, ಅವಳು ಉಸಿರುಕಟ್ಟಿಕೊಂಡು ಒಳಗೇ ಇದ್ದಳು.

ಹನ್ನೊಂದನೆಯ ದಿನ ಭಾನುವಾರ. ಮೂಲೆ ಮನೆಯ ದರ್ಜಿ ಕುಂಟುತ್ತಾ ಬಂದ. ಕತ್ತರಿ ಕಾಲ ಮೇಲೆ ಬಿದ್ದು ಪಾದ ಊದಿಕೊಂಡಿತ್ತು. ಮಿತಭಾಷಿ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಬಾರಯ್ಯ, ಕೂತ್ಕೋ” ಎಂದು ಯಜಮಾನರು ಅವನ ಕೈಯಿಂದ ಶೀಶೆ ತೆಗೆದು ಸೊಸೆಯ ಮುಂದೆ ಇಟ್ಟರು. ಅವಳು ಶೀಶೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತಾಯಿತು. ಇದನ್ನು ಹಾಕಿದರೆ ಮಾತಾಡುತ್ತೀರಾ ಎಂದು ಕೇಳುತ್ತಿದ್ದಳು.

ಕೈ ತೊಳೆದುಕೊಂಡು ಬಂದಳು. “ಅಣ್ಣ, ಹಿಂದೆ ಈ ಮದ್ದು ತಗೊಂಡಾಗ ಏನಾದ್ರೂ ತೊಂದರೆ ಆಗಿತ್ತಾ?”

ದರ್ಜಿ ಬಾಯಿ ತೆರೆದ. ಯಜಮಾನರು ಅವನಿಗಿಂತ ಮೊದಲೇ, “ಏನಾಗುತ್ತೆ? ಹೋದ ವರ್ಷ ಇದನ್ನೇ ತಗೊಂಡು ಮಾರನೇ ದಿನ ಮೆಷಿನ್ ತುಳಿದಿದ್ದಾನೆ. ಅಲ್ವೇನೋ?” ಅಂದರು.

ಹಿರಿಯರ ಮಾತು. ದರ್ಜಿ ತಲೆಯಾಡಿಸಿದ.

ನನಗೆ ಗೊತ್ತಿತ್ತು. ಹೋದ ವರ್ಷ ಬೇರೆಲ್ಲೋ ಹಾಕಿಸಿಕೊಂಡ ಆ ಸೂಜಿಯ ಮೇಲೆ ಅವನಿಗೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಎರಡು ದಿನ ತುರಿಸಿಕೊಂಡಿದ್ದ. ಅವನ ಹೆಂಡತಿ ನಲ್ಲಿಯ ಹತ್ತಿರ ನನಗೆ ಹೇಳಿದ್ದಳು. ಅದು ನನಗೆ ಆ ಕ್ಷಣ ನೆನಪಾಯಿತು. ನಾಲಿಗೆಯ ತುದಿಗೇ ಬಂತು. ಆದರೆ ಹೇಳಿದರೆ ಸೊಸೆಯ ಜೊತೆ ಮೊದಲು ಮಾತಾಡಿದವಳು ನಾನೇ ಆಗುತ್ತೇನೆ. ಹನ್ನೊಂದು ದಿನದ ಹಟ ಮಣ್ಣುಪಾಲು. ದದ್ದು ತಾನೇ, ಏನು ಮಹಾ ಅಂದುಕೊಂಡೆ. ಬಾಯಿ ಮುಚ್ಚಿಕೊಂಡೆ.

ಅವಳು ಚುಚ್ಚಿದಳು.

ದರ್ಜಿ ಎದ್ದು ನಾಲ್ಕು ಹೆಜ್ಜೆ ಇಟ್ಟ. “ಯಾಕೋ ಗಂಟಲು ಕಟ್ಟಿದ ಹಾಗೆ…” ಅಂದ. ಗೋಡೆ ಹಿಡಿದುಕೊಂಡ. ಸೊಸೆ ಓಡಿ ಬಂದು ಅವನನ್ನು ನೆಲಕ್ಕೆ ಮಲಗಿಸಿ, ಕಾಲು ಎತ್ತಿ, “ಗಾಡಿ ತನ್ನಿ, ಗಾಡಿ!” ಎಂದು ಕೂಗಿದಳು. ಆ ಕೂಗು ಅವಳದೆಂದು ನನಗೆ ಗುರುತೇ ಸಿಗಲಿಲ್ಲ. ಗಾಡಿ ಬರುವ ಹೊತ್ತಿಗೆ ಅವನ ತುಟಿ ನೀಲಿಯಾಗಿತ್ತು. ಅವಳು ಅವನ ಎದೆ ಒತ್ತುತ್ತಲೇ ಗಾಡಿ ಹತ್ತಿದಳು. ಆಸ್ಪತ್ರೆ ಮುಟ್ಟಿದಾಗ ಜೀವ ಇರಲಿಲ್ಲ.

ಜೊತೆಗೆ ಹೋಗಿದ್ದ ಯಜಮಾನರು ಆಸ್ಪತ್ರೆಯ ಬಾಗಿಲಲ್ಲೇ ಮುಂದೆ ನುಗ್ಗಿ, “ಎದೆ ನೋವು ಅಂತಿದ್ದ, ಬಿದ್ದ” ಅಂದರು. ಅಲ್ಲಿನವರು ಹೃದಯ ನಿಂತಿತೆಂದು ಬರೆದರು. ಸೊಸೆಗೆ ಆಗ ಮಾತೇ ಹೊರಡುತ್ತಿರಲಿಲ್ಲ.

ಬೀದಿಯ ಹಿರಿಯರು ನಮ್ಮ ಮನೆಯಲ್ಲೇ ಸೇರಿದರು. ಒಬ್ಬರೂ ಅವಳನ್ನು ದೂರಲಿಲ್ಲ. “ಒಳ್ಳೇದು ಮಾಡೋಕೆ ಹೋದಳು ಪಾಪ. ಅವನ ಆಯುಷ್ಯ ಅಷ್ಟೇ ಇತ್ತು. ಮಾತು ಬೀದಿ ದಾಟಬಾರದು.” ಎಲ್ಲರೂ ತಲೆಯಾಡಿಸಿದರು. ಅವಳು ಮೂಲೆಯಲ್ಲಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಅವರ ಕರುಣೆ ಅವಳ ಮೇಲೆ ಬೀಗ ಜಡಿದ ಹಾಗೆ ಬಿತ್ತು.

ದರ್ಜಿಯ ಹೆಂಡತಿ ಆ ದಿನ ಊರಲ್ಲಿ ಇರಲಿಲ್ಲ. ತಂಗಿಯ ಮನೆಗೆ ಹೋಗಿದ್ದಳು. ಬಂದವಳಿಗೆ ಹೇಳಿದ್ದು ಹೃದಯ ನಿಂತಿತೆಂಬ ಮಾತು. ನಲ್ಲಿಯ ಹತ್ತಿರ ನನ್ನ ಕೈ ಹಿಡಿದುಕೊಂಡು, “ಅಕ್ಕ, ಹೊರಡೋ ದಿನ ಅವರ ಮೇಲೆ ಕೂಗಾಡಿ ಹೋಗಿದ್ದೆ. ಅದನ್ನ ಎದೆಗೆ ಹಚ್ಚಿಕೊಂಡುಬಿಟ್ರು. ನಾನೇ ಕೊಂದೆ” ಎಂದು ಅತ್ತಳು. ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಬಂದೆ.

ದರ್ಜಿ ಹೋದ ಎಂಟನೇ ದಿನ ಬೆಂಚಿನ ಮೇಲೆ ಒಬ್ಬ ಕೂತಿದ್ದ. ಕೈಯಲ್ಲಿ ಶೀಶೆ. ಯಜಮಾನರು ಒಳಗೆ ಬಂದು, “ಒಂದೇ ಒಂದಮ್ಮ. ನೀನು ನಿಲ್ಲಿಸಿಬಿಟ್ರೆ ಜನಕ್ಕೆ ಅನುಮಾನ ಬರುತ್ತೆ” ಅಂದರು.

ಸೊಸೆ ಎದ್ದಳು. ಬೆಂಚಿನವನನ್ನು ದಾಟಿ, ಬೀದಿ ದಾಟಿ, ನೇರ ದರ್ಜಿಯ ಮನೆಗೆ ಹೋದಳು. ಒಂದು ಗಂಟೆ ಬಿಟ್ಟು ಬಂದಳು. ಕಣ್ಣು ಒಣಗಿತ್ತು.

“ಹೇಳಿಬಿಟ್ಟೆ” ಅಂದಳು. “ಆಸ್ಪತ್ರೇಲೂ ಹೇಳ್ತೀನಿ, ನರ್ಸಿಂಗ್ ಕೌನ್ಸಿಲಿಗೂ ಬರೆದುಕೊಡ್ತೀನಿ.”

“ನಿನಗೆ ತಲೆ ನೆಟ್ಟಗಿದೆಯಾ?” ಅಂದರು ಯಜಮಾನರು. “ಕೆಲಸ ಹೋಗುತ್ತೆ, ಮನೆ ಮರ್ಯಾದೆ ಹೋಗುತ್ತೆ. ಅವಳೇನು ದೂರು ಕೊಟ್ಟಿದ್ದಾಳಾ?”

“ಇಲ್ಲ. ಎದ್ದು ಹೋಗು ಅಂದ್ರು. ಆಮೇಲೆ ಬಾಗಿಲವರೆಗೂ ಬಂದು, ಸಾಯೋವಾಗ ಹೆದರಿಕೊಂಡ್ರಾ ಅವರು ಅಂತ ಕೇಳಿದ್ರು. ಹೌದು ಅಂದೆ. ಅವರ ಕೈ ಹಿಡಿದಿದ್ದೆ ಅಂದೆ.” ಕಾಗದ, ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. “ಹೋದ ವರ್ಷ ದದ್ದು ಎದ್ದಿತ್ತಂತೆ ಮಾವ. ನನಗೆ ಅವರಿಂದ ಈಗ ಗೊತ್ತಾಯ್ತು.”

ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ನನಗೆ ತಿಳಿಯಿತು. ದರ್ಜಿಯ ಹೆಂಡತಿ, ‘ನಿಮ್ಮತ್ತೆಗೂ ಹೇಳಿದ್ದೆನಲ್ಲ’ ಅಂದಿದ್ದಾಳೆ.

ಅವಳು ಬರೆದ ಕಾಗದವನ್ನು ಮಗ ಓದಿ ಹೇಳಿದ. ಚೀಟಿ ಇರಲಿಲ್ಲ, ಪರೀಕ್ಷೆಯ ಹನಿ ಕೊಡಲಿಲ್ಲ, ರೋಗಿಯ ಬಾಯಿಂದಲೇ ಉತ್ತರ ಬರುವವರೆಗೆ ಕಾಯಲಿಲ್ಲ, ತಪ್ಪು ನನ್ನದು ಎಂದಿತ್ತು. ಮಾವನ ಹೆಸರಿಲ್ಲ. ನನ್ನ ಸುದ್ದಿ ಇಲ್ಲ. ನಾನು ಅಷ್ಟು ದಿನದ ಮೇಲೆ ಬಾಯಿ ಬಿಟ್ಟೆ. “ನನಗೆ ಗೊತ್ತಿತ್ತು ಅಂತ ಯಾಕೆ ಬರೀಲಿಲ್ಲ?”

“ಕೇಳಬೇಕಾದವಳು ನಾನು, ಅತ್ತೆ. ಚುಚ್ಚಿದ ಕೈ ನನ್ನದು. ಮನೆಯವರು ಹೇಳಿದರು ಅಂತ ನರ್ಸು ಹೇಳೋ ಹಾಗಿಲ್ಲ.”

ಕೌನ್ಸಿಲಿನ ವಿಚಾರಣೆಯ ದಿನ ನಾನೂ ಚಪ್ಪಲಿ ಮೆಟ್ಟಿಕೊಂಡೆ. “ನೀನೆಲ್ಲಿಗೆ?” ಎಂದು ಯಜಮಾನರು ಬಾಗಿಲಿಗೆ ಅಡ್ಡ ನಿಂತರು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಅವರ ತೋಳು ಸರಿಸಿ ಆಚೆ ಬಂದೆ.

ಉದ್ದ ಮೇಜು, ಮೂವರು. ನಡುವೆ ನರೆತ ತಲೆಯ ಹಳೆಯ ನರ್ಸೊಬ್ಬರು. ನಾನು ಎಲ್ಲ ಹೇಳಿದೆ. ದದ್ದಿನ ವಿಷಯ, ಮಾತು ಬಿಟ್ಟದ್ದು, ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡದ್ದು. ಅವರು ತಾಳ್ಮೆಯಿಂದ ಕೇಳಿದರು.

“ಇದರಿಂದ ನಿಮ್ಮ ಸೊಸೆಯ ಹೊಣೆ ಕಮ್ಮಿ ಆಗಲ್ಲಮ್ಮ” ಅಂದರು.

“ಕಮ್ಮಿ ಮಾಡಿ ಅಂತ ಬಂದಿಲ್ಲ ತಾಯಿ. ನನ್ನ ಪಾಲು ಯಾರೂ ಬರೆದುಕೊಂಡಿಲ್ಲ, ಅದಕ್ಕೆ ಬಂದೆ.”

ಅವರು ಹಾಳೆ ತಿರುಗಿಸಿ ನೋಡಿದರು. ಅತ್ತೆಯಂದಿರ ಪಾಲು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದುಕೊಂಡರು.

ಒಂದು ವರ್ಷ ಅವಳು ನರ್ಸಿನ ಕೆಲಸ ಮಾಡುವಂತಿಲ್ಲ ಎಂದಾಯಿತು. ಪೊಲೀಸರ ವಿಚಾರಣೆ ಬೇರೆ ಉಳಿದಿತ್ತು. ಓದುವವರೇ, ನಿಮ್ಮ ಮನೆಯಲ್ಲೂ ಒಬ್ಬ ನರ್ಸು ಇರಬಹುದು, ಪಕ್ಕದ ಮನೆಯಲ್ಲಾದರೂ ಇದ್ದೇ ಇರುತ್ತಾಳೆ. ಅವಳ ಬಾಗಿಲು ತಟ್ಟುವಾಗ ನೀವು ಕೇಳುವುದು ಉಪಕಾರವನ್ನಲ್ಲ. ಅವಳ ಅನ್ನವನ್ನೂ ನಿಮ್ಮ ಜೀವವನ್ನೂ ಒಂದೇ ಸಲ ಒತ್ತೆ ಇಡು ಅನ್ನುತ್ತಿದ್ದೀರಿ. ಅವಳು ಆಗದು ಅಂದರೆ ಅದನ್ನು ಸೊಕ್ಕು ಅನ್ನಬೇಡಿ.

ಆದೇಶದ ಕಾಗದ ಹಿಡಿದು ಮನೆಗೆ ಬಂದಾಗ ಒಳಗೆ ಕುರ್ಚಿಯಲ್ಲಿ ಟೀಚರು ಕೂತಿದ್ದರು. ಜ್ವರದಿಂದ ಕಣ್ಣು ಕೆಂಪಗಿತ್ತು. ಮಡಿಲಲ್ಲಿ ಶೀಶೆ. ಯಜಮಾನರು ಅವರನ್ನು ಕರೆತಂದು ಕೂರಿಸಿದ್ದರು.

“ಇವರಿಗೆ ಮಾತ್ರ” ಅಂದರು ಯಜಮಾನರು. “ಬಾಗಿಲು ಹಾಕಿಕೊಂಡು ಚುಚ್ಚು. ಕೌನ್ಸಿಲಿನವರು ಇಲ್ಲಿಗೆ ಬಂದು ಕೂತಿರ್ತಾರಾ? ಯಾರು ನೋಡ್ತಾರೆ?”

ಸೊಸೆ ಬಾಯಿ ತೆರೆಯುವ ಮೊದಲೇ ನಾನಂದೆ. “ನಾನು ನೋಡ್ತೀನಿ. ನೋಡಿದ್ದನ್ನ ಹೇಳ್ತೀನಿ.”

ಯಜಮಾನರು ನನ್ನ ಮೇಲೆ ಕೈಯೆತ್ತಿದರು. ಕೈ ಹಾಗೇ ನಿಂತಿತು, ಆಮೇಲೆ ಕೆಳಗಿಳಿಯಿತು. ಟೀಚರು ಶೀಶೆಯನ್ನು ಕೈಚೀಲಕ್ಕೆ ಹಾಕಿಕೊಂಡು ಮೆಲ್ಲಗೆ, “ಈ ಹೊತ್ತಲ್ಲಿ ಡಾಕ್ಟರು ಸಿಕ್ತಾರೇನಮ್ಮಾ?” ಅಂದರು.

“ಸಿಕ್ತಾರೆ ಟೀಚರ್. ನಿಧಾನಕ್ಕೆ ಏಳಿ” ಎಂದು ಸೊಸೆ ಅವರ ತೋಳಿಗೆ ಆಸರೆ ಕೊಟ್ಟಳು. ನಾನು ಇನ್ನೊಂದು ಕಡೆ ಹಿಡಿದುಕೊಂಡೆ. ಮೂವರೂ ಬೀದಿಗೆ ಇಳಿದೆವು.