ಬತ್ತದ ಗುಂಡಿ

ಗುಂಡಿ ಬತ್ತುತ್ತಿಲ್ಲ ಎಂದು ಎರಡು ದಿನ ಬೈಸಿಕೊಂಡವಳು ನಾನು. ನಮ್ಮ ಮೇಸ್ತ್ರಿ ಡ್ವೈಟ್‌ಗೆ ಬೈಯಲು ಯಾರಾದರೂ ಬೇಕು, ಪಂಪು ನೋಡಿಕೊಳ್ಳುವವಳು ನಾನೊಬ್ಬಳೇ. ಪೆನ್ಸಿಲ್ವೇನಿಯಾದ ಈ ಬೆಟ್ಟಗಳ ಸಂದಿಯಲ್ಲಿ ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುವಲ್ಲೆಲ್ಲ ಇಪ್ಪತ್ತೆರಡು ವರ್ಷದಿಂದ ನೀರೆತ್ತಿ ಹೊರಹಾಕುತ್ತ ಬಂದಿದ್ದೇನೆ. ನೀರಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಆ ಆಗಸ್ಟಿನವರೆಗೆ ಇತ್ತು.

ಸ್ಟಿಲ್‌ಹೌಸ್ ಹಳ್ಳದ ಸೇತುವೆಗೆ ತೊಂಬತ್ತು ವರ್ಷ ದಾಟಿತ್ತು. ಅದನ್ನು ಕಿತ್ತು, ಹಳ್ಳದ ಅರ್ಧಕ್ಕೆ ಮರಳುಚೀಲಗಳ ಕಟ್ಟೆ ಹಾಕಿ, ಕಟ್ಟೆಯೊಳಗೆ ಹೊಸ ಪಾಯಕ್ಕೆ ಗುಂಡಿ ತೋಡಿದ್ದೆವು. ಉಳಿದರ್ಧದಲ್ಲಿ ಹಳ್ಳ ತನ್ನ ಪಾಡಿಗೆ ಹರಿಯಬೇಕು, ಅದು ಕಾನೂನು. ಈ ಹಳ್ಳದಲ್ಲಿರುವುದು ಯಾರೋ ತಂದು ಬಿಟ್ಟ ಮೀನಲ್ಲ, ಇಲ್ಲಿಯದೇ ತಣ್ಣೀರ ಮೀನು, ಟ್ರೌಟ್. ಅಕ್ಟೋಬರ್ ಒಂದರಿಂದ ಅವು ಮೊಟ್ಟೆ ಇಡುವ ಕಾಲ. ಆಮೇಲೆ ಯಾರೂ ನೀರಿಗೆ ಕಾಲಿಡುವ ಹಾಗಿಲ್ಲ. ಅಷ್ಟರೊಳಗೆ ಪಾಯ ಬೀಳದಿದ್ದರೆ ಚಳಿಗಾಲ ಪೂರ್ತಿ ಸೇತುವೆ ಇಲ್ಲ, ಇಪ್ಪತ್ತಮೂರು ಮೈಲಿ ಸುತ್ತು. ಡ್ವೈಟ್‌ನ ಮನೆ ಹಳ್ಳದ ಆಚೆ ಊರಲ್ಲೇ. ಬೆಳಿಗ್ಗೆ ಕಾಫಿ ಕುಡಿಯಲು ಹೋದರೆ ಊರವರೆಲ್ಲ ಅವನನ್ನು ಹುರಿದು ತಿನ್ನುತ್ತಿದ್ದರು.

ಮೀನಿನ ಇಲಾಖೆಯಿಂದ ಬರುತ್ತಿದ್ದವಳು ಕೋರಾ. ಡ್ವೈಟ್ ಅವಳಿಗೆ ಮೀನಮ್ಮ ಎಂದು ಹೆಸರಿಟ್ಟಿದ್ದ. ಸೋಮವಾರ ಅವಳು ಕಟ್ಟೆಯೊಳಗಿನ ನೀರಿಗೆ ಸಣ್ಣಗೆ ಕರೆಂಟು ಹಾಯಿಸಿ, ಮಂಪರು ಬಡಿದು ತೇಲಿದ ಮೀನುಗಳನ್ನು ಬಲೆಯಲ್ಲಿ ಎತ್ತಿ, ಬಕೆಟ್ಟಿನಲ್ಲಿ ಕೆಳಹರಿವಿಗೆ ಸಾಗಿಸಿದಳು. ಇನ್ನೂರ ಹದಿನಾಲ್ಕು. ಒಂದು ಸೇತುವೆಯ ಕೆಳಗೆ ಅಷ್ಟು ಮೀನು ಯಾಕೆ ಎಂದು ಅವಳಿಗೇ ಬೆರಗು.

"ನೆರಳಿಗೆ ಬಂದಿರ್ತವೆ ಅನ್ಸತ್ತೆ," ಎಂದಳು. ಹೋಗುವಾಗ ನನ್ನ ಕೈಗೆ ಒಂದು ಫ್ಯಾರನ್‌ಹೀಟ್ ಥರ್ಮಾಮೀಟರ್ ಕೊಟ್ಟಳು. "ಲೋರ್ನಾ, ದಿನಾ ಬೆಳಿಗ್ಗೆ ಹಳ್ಳದ ನೀರು ನೋಡಿ ಬರ್ದಿಡ್ತೀರಾ? ಎಪ್ಪತ್ತು ಡಿಗ್ರಿ ದಾಟಿದ್ರೆ ಇವಕ್ಕೆ ಉಸಿರು ಕಟ್ಟತ್ತೆ."

"ಅವಕ್ಕೂ ಒಂದು ಫ್ಯಾನ್ ಕೊಡ್ಸಿಬಿಡಮ್ಮ," ಎಂದ ಡ್ವೈಟ್.

ಮೀನು ಹೋಯಿತು, ನೀರು ಹೋಗಲಿಲ್ಲ. ಪಂಪು ಎಳೆದಷ್ಟೂ ಗುಂಡಿ ತುಂಬುತ್ತಿತ್ತು. ಕಟ್ಟೆ ಸೋರುತ್ತಿದೆ ಎಂದು ಎರಡು ದಿನ ಮರಳುಚೀಲಗಳನ್ನು ಕಿತ್ತು ಮತ್ತೆ ಜೋಡಿಸಿದೆವು. ಸಂದಿಗಳಿಗೆ ಪ್ಲಾಸ್ಟಿಕ್ ತುರುಕಿದೆವು. "ನಿನ್ ಪಂಪಿಗೆ ವಯಸ್ಸಾಯ್ತು ಕಣೇ, ನಿನ್ ಹಾಗೇ," ಎಂದು ಡ್ವೈಟ್ ಗೊಣಗಿದ. ಕೊನೆಗೆ ಬುಧವಾರ ಎಲ್ಲಿಂದಲೋ ದೊಡ್ಡದೊಂದು ಪಂಪು ತರಿಸಿದ. ಎರಡೂ ಸೇರಿ ಗುರುವಾರ ಬೆಳಗಿನ ಹೊತ್ತಿಗೆ ಗುಂಡಿಯ ತಳ ಕಂಡಿತು. ಕಬ್ಬಿಣ ಕಟ್ಟಿ ಆಯಿತು. ಹತ್ತೂವರೆಗೆ ಕಾಂಕ್ರೀಟ್ ಲಾರಿ ಬರುವುದೆಂದು ನಿಗದಿಯಾಯಿತು.

ಪಂಪಿನ ರಾಡಿ ನೀರನ್ನು ನೇರ ಹಳ್ಳಕ್ಕೆ ಬಿಡುವಂತಿಲ್ಲ. ಕಾಡಂಚಿನಲ್ಲಿ ಮಂಚದಷ್ಟು ದೊಡ್ಡ ಸೋಸುಚೀಲ ಇಟ್ಟಿದ್ದೆವು. ನೀರು ಅದರೊಳಗೆ ಹೋಗಿ, ಕೆಸರು ಬಿಟ್ಟು, ಹುಲ್ಲಿನ ಮೇಲೆ ಹರಿದು ಹಳ್ಳ ಸೇರುತ್ತಿತ್ತು. ಚೀಲ ಹರಿದಿದೆಯೋ ಏನೋ ನೋಡೋಣವೆಂದು ಒಂಬತ್ತೂವರೆಗೆ ಹೋದೆ.

ಆ ನೀರು ಹಳ್ಳಕ್ಕೆ ಬೀಳುವ ಜಾಗ ಮೊಣಕಾಲುದ್ದ ಆಳವೂ ಇಲ್ಲ. ಅಲ್ಲಿ ತಳವೇ ಕಾಣಿಸುತ್ತಿರಲಿಲ್ಲ. ಮೊದಲು ಕೊಳೆತ ಎಲೆ ಎಂದುಕೊಂಡೆ. ಎಲೆಗಳೆಲ್ಲ ಒಂದೇ ಕಡೆ ಮುಖ ಮಾಡಿ ಬಾಲ ಆಡಿಸುತ್ತಿದ್ದವು. ಟ್ರೌಟ್, ಒಂದರ ಮೈಗೆ ಒಂದು ತಾಗಿ ನಿಂತ ಟ್ರೌಟ್, ನೂರಾರು. ಹಸಿರು ಬೆನ್ನು, ಪಕ್ಕದಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ, ರೆಕ್ಕೆಯ ಅಂಚಿಗೆ ಸುಣ್ಣದ ಗೆರೆ. ಎಲ್ಲವೂ ನನ್ನ ಚೀಲದ ನೀರಿಗೆ ಮೂತಿ ಕೊಟ್ಟು ನಿಂತಿದ್ದವು. ನನ್ನ ನೆರಳು ಬಿದ್ದರೂ ಹೆದರಲಿಲ್ಲ. ಟ್ರೌಟ್ ಎಂದರೆ ಸೊಳ್ಳೆಯ ನೆರಳಿಗೂ ಓಡುವ ಜಾತಿ.

ಹಳ್ಳದ ನಡುವೆ ಥರ್ಮಾಮೀಟರ್ ಅದ್ದಿದೆ. ಎಪ್ಪತ್ತೆರಡು. ಮೀನುಗಳ ಮೂತಿಯ ಬಳಿ ಅದ್ದಿದೆ. ಐವತ್ತೊಂದು.

ಸೋರುವ ಕಟ್ಟೆಯ ನೀರಾದರೆ ಹಳ್ಳದಷ್ಟೇ ಬೆಚ್ಚಗಿರಬೇಕಲ್ಲ? ಓಡಿಹೋಗಿ ಏಣಿ ಇಳಿದು ಗುಂಡಿಯ ಮೂಲೆಯಲ್ಲಿ ಮಂಡಿಯೂರಿ, ಜಲ್ಲಿಯೊಳಗೆ ಕೈ ತೂರಿಸಿದೆ. ಬೆರಳು ಮರಗಟ್ಟಿತು. ನಲವತ್ತೆಂಟು. ಒಂದು ಹಿಡಿ ಜಲ್ಲಿ ಸರಿಸಿದರೆ ಬಿಳಿ ಮರಳು ಕುದಿಯುವ ಗಂಜಿಯ ಹಾಗೆ ಕೊತಕೊತ ಕುಣಿಯುತ್ತಿತ್ತು. ಒರತೆ! ಹಳೆಯ ಸೇತುವೆಯ ಬುಡದಲ್ಲೇ, ಯಾರಿಗೂ ತಿಳಿಯದೆ, ಬೆಟ್ಟದ ಹೊಟ್ಟೆಯಿಂದ ತಣ್ಣೀರು ಬರುತ್ತಿತ್ತು. ಮೀನುಗಳು ಬಂದದ್ದು ನೆರಳಿಗಲ್ಲ. ಇದು ಮುಚ್ಚಿದರೆ ಈ ಸೆಕೆಯಲ್ಲಿ ಅವಕ್ಕೆ ಹೋಗಲು ಬೇರೆ ಜಾಗವಿಲ್ಲ. ನಾನೋ ನಾಲ್ಕು ದಿನದಿಂದ ಇಂಥದ್ದಕ್ಕೆ ಪಂಪು ಹಚ್ಚಿ ಶಾಪ ಹಾಕುತ್ತಿದ್ದೆ. ನಾಚಿಕೆಯಾಯಿತು.

ಡ್ವೈಟ್‌ಗೆ ಹೇಳಿದೆ. ಅವನು ರಸ್ತೆಯನ್ನೇ ನೋಡುತ್ತಿದ್ದ.

"ನೀರು ಕೆಳಗಿಂದ ಬರ್ತಿದೆ ಕಣೋ. ಕಟ್ಟೆ ಸೋರ್ತಿಲ್ಲ. ಕೋರಾಗೆ ಹೇಳ್ಬೇಕು."

"ಗುಂಡೀಲಿ ಮೀನು ಕಂಡ್ರೆ ಕೆಲ್ಸ ನಿಲ್ಸಿ ಅಂತ ಪರ್ಮಿಟ್‌ನಲ್ಲಿದೆ. ನೀರು ಕಂಡ್ರೆ ಅಂತ ಎಲ್ಲಿದೆ? ಹಳ್ಳದಲ್ಲಿ ನೀರು ಕಾಣ್ದೆ ಬಿಯರ್ ಕಾಣತ್ತಾ?"

"ಬಂದು ಒಂದ್ಸಲ ಕೈ ಇಟ್ಟು ನೋಡು."

"ಲೋರ್ನಾ, ಹೋದ್ ಚಳಿಗಾಲ ಆಂಬ್ಯುಲೆನ್ಸ್ ಎಷ್ಟ್ ಸಲ ಈ ಸೇತುವೆ ದಾಟ್ತು ಗೊತ್ತಾ? ಈಗ ಅದು ಸುತ್ತಿ ಬರ್ಬೇಕು. ನಿನ್ ಮೀನಿಗೆ ಹೇಳು, ಅವೂ ಸುತ್ತಿ ಹೋಗ್ಲಿ."

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನಮ್ಮ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೋರಾ ಸಿಗಬೇಕಾದರೆ ಹೆದ್ದಾರಿಯವರೆಗೆ ಒಂಬತ್ತು ಮೈಲಿ ಹೋಗಬೇಕು. ಅಷ್ಟರಲ್ಲಿ ತಿರುವಿನಲ್ಲಿ ಲಾರಿ ಕಾಣಿಸಿತು, ಹೊಟ್ಟೆ ತಿರುಗಿಸುತ್ತ. ಹಿಮ್ಮುಖವಾಗಿ ಬಂದು ದಡದಲ್ಲಿ ನಿಂತಿತು. ಚಾಲಕ ಇಳಿದು, ಕಾಂಕ್ರೀಟ್ ಜಾರಿಸುವ ತಗಡಿನ ದೋಣಿಯನ್ನು ಗುಂಡಿಯತ್ತ ಚಾಚತೊಡಗಿದ.

ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ, ಎರಡು ಪಂಪುಗಳಿದ್ದವು. ಕೆಲಸ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು, ಐವತ್ತಾರನೆಯ ವಯಸ್ಸಿಗೆ ಇನ್ನೊಂದು ಸಿಗುವುದಿಲ್ಲ ಎಂಬುದೂ. ಮೊದಲು ದೊಡ್ಡದನ್ನು ಆರಿಸಿದೆ, ಆಮೇಲೆ ನನ್ನದನ್ನು.

ನಾಲ್ಕು ದಿನದಿಂದ ಕಿವಿ ತುಂಬಿದ್ದ ಸದ್ದು ನಿಂತುಹೋಯಿತು. ಹಳ್ಳದ ದನಿ ಕೇಳಿತು. ಎಲ್ಲರೂ ತಿರುಗಿ ನೋಡಿದರು. ಡ್ವೈಟ್ ಮುಖ ಕೆಂಪಗೆ ಮಾಡಿಕೊಂಡು ನನ್ನ ಕಡೆ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಗುಂಡಿಯ ಕಡೆ ಬೆರಳು ತೋರಿಸಿದೆ.

ನೀರು ಬರುತ್ತಿತ್ತು. ಗೋಡೆಯಿಂದಲ್ಲ, ಕಟ್ಟೆಯಿಂದಲ್ಲ, ನೆಲದಿಂದ. ಕಬ್ಬಿಣದ ಸರಳುಗಳ ನಡುವೆ ಹನ್ನೆರಡು, ಹದಿನೈದು ಕಡೆ ಮರಳು ಎದ್ದೆದ್ದು ಬೀಳುತ್ತಿತ್ತು. ಮೊದಲು ರಾಡಿಯಾಗಿತ್ತು. ಆಮೇಲೆ ಕೆಳಗಿನಿಂದ ಒಂದೊಂದೇ ಬಾಯಿಯ ಸುತ್ತ ತಿಳಿಯಾಗುತ್ತ ಬಂತು. ಹತ್ತು ನಿಮಿಷದಲ್ಲಿ ಸರಳುಗಳು ಮುಳುಗಿದವು. ಅಲ್ಲಿ ನೀರಿದೆ ಎಂದೇ ಅನಿಸದಷ್ಟು ನಿರ್ಮಲ. ಸುಡು ಬಿಸಿಲಿನಲ್ಲಿ ಗುಂಡಿಯಿಂದ ತಂಪು ಏರಿ ನಮ್ಮ ಮುಖಕ್ಕೆ ತಾಗಿತು.

ಡ್ವೈಟ್ ಬಯ್ಯಲಿಲ್ಲ. ಏಣಿಯಲ್ಲಿ ಎರಡು ಮೆಟ್ಟಿಲು ಇಳಿದು, ಮೊಣಕೈವರೆಗೆ ತೋಳು ಮುಳುಗಿಸಿದ.

"ಚಿಕ್ಕಂದಿನಿಂದ ಈ ಸೇತುವೆ ಮೇಲೆ ಓಡಾಡಿದೀನಿ," ಎಂದ. ಆಮೇಲೆ ಚಾಲಕನಿಗೆ, "ವಾಪಸ್ ತಗೊಂಡ್ ಹೋಗಪ್ಪ. ಇಲ್ಲೆಲ್ಲೂ ತೊಳೀಬೇಡ, ಒಂದ್ ಹನಿ ಹಳ್ಳಕ್ಕೆ ಬಿದ್ರೂ ಮೀನು ಸಾಯತ್ತೆ. ಹೆದ್ದಾರಿಗೆ ಹೋದ್ಮೇಲೆ ಮೀನಮ್ಮಂಗೆ ಒಂದು ಫೋನ್ ಮಾಡು."

ಕೋರಾ ಹನ್ನೆರಡಕ್ಕೆ ಬಂದಳು. ಗುಂಡಿ ನೋಡಿದಳು, ಅಳತೆ ನೋಡಿದಳು, ಬಟ್ಟೆಯ ಪರಿವೆಯಿಲ್ಲದೆ ದಡದ ಕೆಸರಿನಲ್ಲಿ ಕೂತುಬಿಟ್ಟಳು. ಹನ್ನೊಂದು ವರ್ಷದಿಂದ ಅವಳು ಈ ಹಳ್ಳ ತುಳಿದವಳು. ಪಾಯವನ್ನು ದಡದಿಂದ ಹಿಂದಕ್ಕೆ ಸರಿಸಬೇಕು, ನಕ್ಷೆ ಮತ್ತೆ ಬರೆಯಬೇಕು, ಈ ವರ್ಷ ಸೇತುವೆ ಇಲ್ಲ ಎಂದಳು. ಡ್ವೈಟ್ ತಲೆಯಾಡಿಸಿದ.

"ಊರೋರಿಗೆ ಏನ್ ಹೇಳ್ಲಿ ನಾನು?" ಎಂದು ನನ್ನನ್ನು ಕೇಳಿದ.

"ಏನೂ ಹೇಳ್ಬೇಡ. ಕರ್ಕೊಂಡ್ ಬಾ, ತೋರ್ಸು."

ಸರಳುಗಳನ್ನೆಲ್ಲ ಎತ್ತಿ ದಡಕ್ಕೆ ಹಾಕಿದ ಮೇಲೆ, ಕೋರಾ ಹೇಳಿದ ಕಡೆ ನಾವು ಮೂವರೂ ಕಟ್ಟೆಯ ನಾಲ್ಕು ಚೀಲ ತೆಗೆದೆವು. ಗುಂಡಿಯ ತಣ್ಣೀರು ಹಳ್ಳಕ್ಕೆ ಇಳಿಯಿತು. ನಾನು ಕಟ್ಟೆ ತೆರೆದ ಜಾಗದ ಬಳಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಬಂತು, ಗೇಣುದ್ದದ್ದು, ನನ್ನ ಬೂಟಿನ ಪಕ್ಕದಲ್ಲೇ. ಅದರ ಹಿಂದೆ ಎರಡು. ಆಮೇಲೆ ಲೆಕ್ಕವಿಲ್ಲ. ನನ್ನ ಎರಡು ಕಾಲುಗಳ ನಡುವೆ, ಆಚೆ, ಈಚೆ, ಮೈ ಒರೆಸಿಕೊಂಡು ಒಳಗೆ ಹೋದವು. ಕುಣಿಯುವ ಒಂದೊಂದು ಮರಳಿನ ಬಾಯಿಯ ಮೇಲೂ ಬಂದು ಸುಮ್ಮನೆ ನಿಂತವು. ಕಣ್ಣಲ್ಲಿ ನೀರು ಬಂತು, ಒರೆಸಲು ಕೈ ಎತ್ತಿದರೆ ಅವು ಹೆದರಿಯಾವು ಎಂದು ಎತ್ತಲಿಲ್ಲ.

ಊಟದ ಹೊತ್ತು ಮೀರಿತ್ತು. ಯಾರೂ ದಡ ಹತ್ತಲಿಲ್ಲ.