ಗೇಟಿನ ಪುಸ್ತಕ

ಕಾರ್ಖಾನೆಯವರು ಬಾಯ್ಲರ್ ಮೇಸ್ತ್ರಿಯನ್ನು ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಕೆಲಸ ಕಳೆದುಕೊಂಡವರಿಗೆ ಸಿಗುವ ವಿಮೆಯಿಂದ ಸಂಸಾರ ಹೇಗೋ ಉಸಿರಾಡುತ್ತಿತ್ತು. ಈ ತಿಂಗಳು ಅದೂ ನಿಂತಿತು.

ವಿಮಾ ಕಚೇರಿಯ ಗುಮಾಸ್ತೆ ಒಂದು ನಕಲು ತೋರಿಸಿದಳು. "ಹೋದ ತಿಂಗಳು ಕಾರ್ಖಾನೆಗೆ ಹೋಗಿದ್ರಿ. ಗೇಟಿನ ಪುಸ್ತಕದಲ್ಲಿ ಬಂದ ಕಾರಣ 'ಕೆಲಸ' ಅಂತ ನೀವೇ ಬರೆದಿದ್ದೀರಿ."

ಹೋಗಿದ್ದು ನಿಜ. ಬಾಯ್ಲರ್ ಕೆಮ್ಮುತ್ತಿದೆ ಎಂದು ಹಳೆಯ ಜೊತೆಗಾರ ಫೋನ್ ಮಾಡಿದಾಗ ಅವನು ಅರ್ಧ ಊಟಕ್ಕೇ ಎದ್ದು ಹೊರಟಿದ್ದ. ಹತ್ತು ನಿಮಿಷದಲ್ಲಿ ವಾಲ್ವು ಸರಿಮಾಡಿ, ಒಂದು ಲೋಟ ಚಹಾ ಕುಡಿದು ಬಂದಿದ್ದ.

"ಪುಕ್ಕಟೆ ಮಾಡಿದ್ದು ತಾಯಿ," ಎಂದ. "ಇಪ್ಪತ್ತೆರಡು ವರ್ಷ ಆ ಪುಸ್ತಕದಲ್ಲಿ 'ಕೆಲಸ' ಅಂತಲೇ ಬರೆದ ಕೈ ಇದು."

ಆ ಇಪ್ಪತ್ತೆರಡು ವರ್ಷ ಸಂಬಳದಲ್ಲಿ ವಿಮೆಯ ಕಂತು ಮುರಿದುಕೊಳ್ಳುವಾಗ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

"ನೀವು ಅಲ್ಲಿ ಕೆಲಸಕ್ಕಿಲ್ಲ ಅಂತ ಕಾರ್ಖಾನೆಯಿಂದ ಪತ್ರ ತನ್ನಿ," ಎಂದಳು ಅವಳು. "ನಮ್ಮ ಕಚೇರಿಯವರು ಆ ಪುಸ್ತಕ ಮತ್ತೆ ನೋಡ್ತಾರೆ, ಜೋಕೆ."

ಯಾರಿಗೆ ಕೈಮುಗಿದರೆ ಪತ್ರ ಸಿಕ್ಕೀತು ಎಂದು ಲೆಕ್ಕ ಹಾಕುತ್ತಲೇ ಅವನು ಕಾರ್ಖಾನೆ ಮುಟ್ಟಿದ. ಕಾವಲುಗಾರ ಪುಸ್ತಕ ಮುಂದೆ ತಳ್ಳಿದ. ಒಳಗೆ ಬಾಯ್ಲರ್ ಮತ್ತೆ ಕೆಮ್ಮುತ್ತಿತ್ತು. ಅತ್ತಲೇ ಕಿವಿಗೊಟ್ಟು ಗೀಚಿ, ಪೆನ್ನು ಕೆಳಗಿಟ್ಟು ನೋಡಿದ. ಬಂದ ಕಾರಣದ ಜಾಗದಲ್ಲಿ ಶಾಯಿ ಇನ್ನೂ ಹಸಿಯಾಗಿತ್ತು: ಕೆಲಸ.