ಸಿಗಡಿಯ ನೆಂಟ

ಯಶ್ವಂತ್ ಸಾಲ್ಯಾನರು ಮೀನು ಮಾರ್ಕೆಟ್ಟಿಗೆ ಹೋದರೆ ಮೀನು ನೋಡುವವರಲ್ಲ. ಹೊರರಾಜ್ಯದ ನೆರೂಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಈ ಉಡುಪಿಯ ಮನುಷ್ಯ, ಕಡುಬೇಸಿಗೆಯಲ್ಲೂ ಬಿಡದ ಖಾಕಿ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು, ಕತ್ತು ಕೊಂಕಿಸಿ, ಚಿಪ್ಪುಗಳ ಬೆನ್ನಿಗಂಟಿದ ಬಿಳಿಯ ಗಂಟುಗಳಲ್ಲೇ ತಲ್ಲೀನರಾಗಿಬಿಟ್ಟರೆ, ಮೀನಿನವಳು ನಕ್ಕು ಮುಂದಿನ ಗಿರಾಕಿಯನ್ನು ಕರೆಯುತ್ತಾಳೆ. ಆ ಗಂಟುಗಳೇ ಬಾರ್ನಕಲ್. ಹೆಂಡತಿ ವಿನೋದಕ್ಕ ಅವಕ್ಕಿಟ್ಟ ಹೆಸರು ಸಮುದ್ರದ ಕಜ್ಜಿ.

ಇವನ್ನು ಹುಡುಕುತ್ತ ಐರೋಲಿ ಸೇತುವೆಯ ಬುಡದ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದ ಗಂಡನನ್ನು ವಿನೋದಕ್ಕ ಎಷ್ಟೋ ಸಲ ಬೈದಿದ್ದರು. ಊಟಕ್ಕೆ ಕೂತರೆ ಮತ್ತದೇ ಪಾಠ: ಹಿಂದಿನ ಪಂಡಿತರು ಗಟ್ಟಿ ಕವಚ ಕಂಡು ಇವನ್ನು ಚಿಪ್ಪುಜೀವಿಗಳ ಕುಲಕ್ಕೆ ಸೇರಿಸಿದ್ದು, ಆಮೇಲೆ ಯಾರೋ ಸಿಗಡಿಯ ಮರಿಗಳಂತೆಯೇ ನೀರಿನಲ್ಲಿ ಈಜುವ ಇವುಗಳ ಮರಿಗಳನ್ನು ಕಂಡು ಬೆಚ್ಚಿಬಿದ್ದದ್ದು.

"ಚಿಪ್ಪು ನೋಡಿ ಮೋಸ ಹೋಗ್ಬೇಡ ಮಾರಾಯ್ತಿ, ಇದು ಸಿಗಡಿಯ ನೆಂಟ."

"ಆಯ್ತು, ಮೊದ್ಲು ಊಟ ಮಾಡಿ."

ಕಳೆದ ಭಾನುವಾರ ಮೊಮ್ಮಗಳು ಅನುಷ್ಕಾ ಬಂದಿದ್ದಳು. ಸಿಗಡಿ ತಿಂದರೆ ಅವಳಿಗೆ ಮೈಯೆಲ್ಲ ದದ್ದೇಳುತ್ತದೆ. ಚಿಪ್ಪುಮೀನು ಏನೂ ಮಾಡುವುದಿಲ್ಲ. ಹಾಗಾಗಿ ವಿನೋದಕ್ಕ ನೀಲಿಕಲ್ಲು ಎಂಬ ಚಿಪ್ಪುಮೀನು ತಂದು, ಕಜ್ಜಿ ಕೆರೆಯಲು ಕತ್ತಿ ಹಿಡಿದರು. ಸಾಲ್ಯಾನರು ಓಡಿಬಂದರು.

"ಕೆರೀಬೇಡ, ಕೆರೀಬೇಡ! ಹಾಗೇ ಬೇಯ್ಸು. ತಿಂದಾದ್ಮೇಲೆ ಚಿಪ್ಪು ನನಗೆ ಬೇಕು."

ತೆಂಗಿನಕಾಯಿ ಮಸಾಲೆಯ ಗಸಿ ಕಜ್ಜಿಯಂಟಿದ ಚಿಪ್ಪಿನೊಂದಿಗೇ ಬೆಂದಿತು. ಅನುಷ್ಕಾ ಚಪ್ಪರಿಸಿ ಉಂಡಳು. ಸ್ವಲ್ಪ ಹೊತ್ತಿಗೆ, "ಅಜ್ಜಾ, ಗಲಾ ಬಂದ್ ಹೋ ರಹಾ ಹೈ," ಎಂದು ಗಂಟಲು ಹಿಡಿದುಕೊಂಡವಳ ತುಟಿ ಊದಿ ಮುಖದ ಗುರುತೇ ಸಿಗದಂತಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸಿಗಡಿ ತಿಂದಳೇ ಎಂದು ಹಿಂದಿಯಲ್ಲಿ ಕೇಳಿದರು, "ಝಿಂಗಾ ಖಾಯಾ ಕ್ಯಾ?"

"ನಹೀ ಡಾಕ್ಟರ್, ಝಿಂಗಾ ಘರ್ ಮೇ ಲಾತೇ ಹೀ ನಹೀ," ಎಂದು ವಿನೋದಕ್ಕ, ಸಿಗಡಿ ಮನೆಗೆ ತರುವುದೇ ಇಲ್ಲವೆಂದು ಆಣೆ ಇಟ್ಟರು. ಊಟ ಕೆಟ್ಟಿರಬೇಕೆಂದು ಡಾಕ್ಟರು ತಿರುಗುವಷ್ಟರಲ್ಲಿ ಹಿಂದಿನಿಂದ ಒಂದು ಬತ್ತಿದ ಸ್ವರ ಬಂತು.

"ಖಾಯಾ ಹೈ. ಚಿಪ್ಪಿನ ಮೇಲಿತ್ತು."

ವಿನೋದಕ್ಕನಿಗೆ ಸಿಡಿಲು ಬಡಿದಂತಾಯಿತು. ಗೋಡೆಗೊರಗಿ ನಿಂತ ಸಾಲ್ಯಾನರ ಮುಖದಲ್ಲಿ ರಕ್ತವೇ ಇರಲಿಲ್ಲ. ಚಿಪ್ಪಿಗಂಟಿದ್ದ ಕಜ್ಜಿ ಸಿಗಡಿಯ ನೆಂಟ, ಅದರ ರಸ ಗಸಿಗಿಳಿದಿದೆ ಎಂದು ತಡವರಿಸುತ್ತ ಅವರು ಅದೇ ಹಳೆಯ ಪಾಠವನ್ನು ಡಾಕ್ಟರಿಗೆ ಒಪ್ಪಿಸಿದರು. ಕೂಡಲೇ ಇಂಜೆಕ್ಷನ್ ಬಿತ್ತು. ಮಗು ನಿಧಾನವಾಗಿ ಉಸಿರೆಳೆದುಕೊಂಡಿತು.

ವಿನೋದಕ್ಕ ಅಳುತ್ತಲೇ ಕೇಳಿದರು: "ಇಷ್ಟು ವರ್ಷ ನೀವು ಹೇಳಿದ್ದನ್ನು ನಾನು ಕೇಳ್ಲಿಲ್ಲ, ಸರಿ. ನೀವಾದ್ರೂ ಕೇಳಿದ್ರಾ?"

ಸಾಲ್ಯಾನರು ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಹೆಂಡತಿಯ ಕೈಗಿಟ್ಟರು. ಇಂಥ ಜ್ಞಾನಿಗಳು ಸಕಲ ಜೀವರಾಶಿಯ ನೆಂಟಸ್ತಿಕೆಯನ್ನೂ ಎಳೆಎಳೆಯಾಗಿ ಬಿಡಿಸಿ ಹೇಳಬಲ್ಲರು; ಆ ನೆಂಟ ತಮ್ಮದೇ ಮನೆಯ ಬಟ್ಟಲಿಗೆ ಬಂದು ಕೂತಾಗ ಮಾತ್ರ, ಗುರುತು ಹಿಡಿಯಲು ಮಗುವೊಂದರ ಉಸಿರು ಕಟ್ಟಬೇಕಾಗುತ್ತದೆ.